ಹೊಲದಲ್ಲಿ ಕಳೆದ ಬೆರಳಿಗೆ ಬೆಂಬಲ ಬೆಲೆ ಎಷ್ಟು?



ಒಂದು ಕ್ವಿಂಟಲ್ ರಾಗಿ ಬೆಳೆಯಲು ಏನು ಖರ್ಚು ಬರುತ್ತದೆ ಎಂದು ಕೇಳಿದರೆ ನೀವು ಬೆರಳು ಮಡಚುತ್ತಾ ಹೇಳುತ್ತೀರಿ. ಉಳುಮೆಗೆ ಇಷ್ಟು, ಬೀಜಕ್ಕೆ ಇಷ್ಟು, ಗೊಬ್ಬರಕ್ಕೆ ಇಷ್ಟು, ಕಳೆ ಕೀಳಿಸಿದ್ದು ಇಷ್ಟು, ಕೊಯ್ಲು, ಒಕ್ಕಣೆ, ಸಾಗಾಣಿಕೆ ಇಷ್ಟು. ಅಕ್ಷರ ಬಾರದ ಮುದುಕನೂ ಈ ಲೆಕ್ಕದಲ್ಲಿ ತಪ್ಪುವುದಿಲ್ಲ. ಆದರೆ ಒಂದು ಬಾಬತ್ತನ್ನು ನಾವೂ ಹೇಳುವುದಿಲ್ಲ, ಸರ್ಕಾರವೂ ಬರೆದುಕೊಳ್ಳುವುದಿಲ್ಲ. ಒಕ್ಕಣೆ ಮಿಷನ್ನಿಗೆ ಸಿಕ್ಕ ಕೈಯ ಖರ್ಚು, ಔಷಧಿ ಹೊಡೆದು ಆಸ್ಪತ್ರೆ ಸೇರಿದವನ ಖರ್ಚು, ರಾತ್ರಿ ನೀರು ಕಟ್ಟಲು ಹೋಗಿ ಹುಳ ಮುಟ್ಟಿಸಿಕೊಂಡವನ ಖರ್ಚು. ಅದನ್ನು ನಾವು ಹಣೆಬರಹದ ಖಾತೆಗೆ ಬರೆದು ಕೈ ತೊಳೆದುಕೊಂಡಿದ್ದೇವೆ.

ಈ ಹಣೆಬರಹದ ಖಾತೆಯನ್ನು ಇವತ್ತು ಮುಚ್ಚಬೇಕು ಎನ್ನುವುದೇ ನನ್ನ ವಾದ. ಹೊಲದ ಅಪಾಯ ದೇವರು ಕಳಿಸಿದ್ದಲ್ಲ. ಯಾರೋ ತಯಾರಿಸಿದ್ದು, ಯಾರೋ ಮಾರಿದ್ದು, ಯಾರೋ ಸಮಯ ಗೊತ್ತು ಮಾಡಿದ್ದು. ಮನುಷ್ಯ ಮಾಡಿದ್ದನ್ನು ಮನುಷ್ಯ ತೆಗೆಯಬಹುದು. ಹೇಗೆ ತೆಗೆಯಬೇಕು, ಅದರ ಖರ್ಚು ಯಾರು ಕೊಡಬೇಕು, ಇವೆರಡೇ ಪ್ರಶ್ನೆ.

ಕಾರ್ಖಾನೆಗೆ ಒಂದು ನ್ಯಾಯ

ನೀವು ಅಂಗಡಿಯಿಂದ ತರುವ ಕೀಟನಾಶಕದ ಡಬ್ಬಿಯನ್ನು ಕೈಗೆ ತೆಗೆದುಕೊಳ್ಳಿ. ಅದರೊಳಗಿನ ವಿಷವನ್ನು ತಯಾರಿಸಿ ಡಬ್ಬಿಗೆ ತುಂಬಿದ ಕಾರ್ಮಿಕನಿಗೆ ಕಾನೂನಿನ ಪ್ರಕಾರ ಕೈಗವಸು, ಮುಖವಾಡ, ಗಾಳಿ ಹೊರಹಾಕುವ ಫ್ಯಾನು, ವೈದ್ಯಕೀಯ ತಪಾಸಣೆ ಎಲ್ಲ ಕೊಡಬೇಕು. 1948ರಲ್ಲೇ ಫ್ಯಾಕ್ಟರಿ ಕಾಯಿದೆ ಬಂತು, ಅದೇ ವರ್ಷ ಇ.ಎಸ್.ಐ. ಕಾಯಿದೆಯೂ ಬಂತು. 1984ರ ಡಿಸೆಂಬರಿನಲ್ಲಿ ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ ವಿಷಾನಿಲ ಸೋರಿ ಸಾವಿರಾರು ಜನ ಸತ್ತ ಮೇಲೆ, 1987ರಲ್ಲಿ ಫ್ಯಾಕ್ಟರಿ ಕಾಯಿದೆಗೆ ತಿದ್ದುಪಡಿಯಾಗಿ, ತಾನು ಮುಟ್ಟುವ ಪದಾರ್ಥದ ಅಪಾಯ ಏನೆಂದು ತಿಳಿದುಕೊಳ್ಳುವ ಹಕ್ಕು ಕಾರ್ಮಿಕನಿಗೆ ಬಂತು. ಎಷ್ಟು ಕಡೆ ಇದು ನಡೆಯುತ್ತದೆ, ಎಷ್ಟು ಕಡೆ ಕಾಗದದಲ್ಲೇ ಉಳಿದಿದೆ ಎಂಬುದು ಬೇರೆ ಮಾತು. ಕಾನೂನಂತೂ ಇದೆ. ಅದರ ಖರ್ಚನ್ನು ಮಾಲೀಕ ಡಬ್ಬಿಯ ಬೆಲೆಗೆ ಸೇರಿಸುತ್ತಾನೆ.

ಅಂದರೆ ಏನಾಯ್ತು? ಆ ಕಾರ್ಮಿಕನ ಕೈಗವಸಿಗೆ ದುಡ್ಡು ಕೊಟ್ಟವರು ನಾವು. ಕೊಡೋಣ, ಬೇಡ ಅನ್ನುವುದಿಲ್ಲ. ಅವನೂ ನಮ್ಮಂತೆ ದುಡಿಯುವವನು, ಹೋರಾಡಿ ಪಡೆದುಕೊಂಡಿದ್ದಾನೆ. ಆದರೆ ಅದೇ ಡಬ್ಬಿಯ ಮುಚ್ಚಳ ತೆಗೆದು, ಬರಿಗೈಯಲ್ಲಿ ಬಕೆಟ್ಟಿಗೆ ಸುರಿದು, ಬೆನ್ನಿಗೆ ಕ್ಯಾನು ಹೊತ್ತು ಬಿಸಿಲಲ್ಲಿ ಹೊಡೆಯುವವನ ಕೈಗವಸಿನ ದುಡ್ಡು ಯಾವ ರಾಗಿಯ ಬೆಲೆಯಲ್ಲಿದೆ? ಯಾವ ಹತ್ತಿಯ ಬೆಲೆಯಲ್ಲಿದೆ? ನಮ್ಮ ಬೆಲೆಯನ್ನು ಬರೆಯುವವರು ಬೇರೆಯವರು. ಸೇರಿಸೋಣ ಎಂದರೆ ಸೇರಿಸಲು ನಮಗೆ ಜಾಗವೇ ಇಲ್ಲ.

ಹಳೆಯ ಕಾಯಿದೆಗಳನ್ನೆಲ್ಲ ಕೂಡಿಸಿ 2020ರಲ್ಲಿ ಸಂಸತ್ತು ಕೆಲಸದ ಜಾಗದ ಸುರಕ್ಷತೆಗೆಂದೇ ಒಂದು ಸಂಹಿತೆ ಮಾಡಿತು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳಿಗೆ ಅದು ಅನ್ವಯ. ಎರಡೆಕರೆಯವನ ಹೊಲದಲ್ಲಿ ಗಂಡ, ಹೆಂಡತಿ, ಮಗ, ಇಬ್ಬರು ಆಳು ಇದ್ದರೆ ಅದು ಕೆಲಸದ ಜಾಗ ಅಲ್ಲವೇನ್ರೀ? ಗಣಿ, ಕಟ್ಟಡ ಕೆಲಸ, ಬೇಸಾಯ ಈ ಮೂರೂ ಅತ್ಯಂತ ಅಪಾಯದ ಕಸುಬುಗಳು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೇ ಹೇಳುತ್ತದೆ. ಬೇಸಾಯದ ಸುರಕ್ಷತೆಗೆಂದು ಅದು 2001ರಲ್ಲಿ ಪ್ರತ್ಯೇಕ ಒಡಂಬಡಿಕೆಯನ್ನೂ ಮಾಡಿತು. ನಮ್ಮ ದೇಶ ಅದಕ್ಕೆ ಇನ್ನೂ ಒಪ್ಪಿಗೆ ಕೊಟ್ಟಿಲ್ಲ.

ಹಾಳುಬಾವಿಯ ಪಾಠ

ಅಪಾಯ ತಡೆಯುವುದಕ್ಕೆ ಒಂದು ಕ್ರಮವಿದೆ. ಪಂಡಿತರು ಐದು ಮೆಟ್ಟಿಲು ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ನಿಮ್ಮ ಹೊಲದ ಅಂಚಿನಲ್ಲಿ ಕಟ್ಟೆಯಿಲ್ಲದ ಒಂದು ಬಾವಿ ಇದೆ ಎಂದುಕೊಳ್ಳಿ. ಮಕ್ಕಳು ಅಲ್ಲೇ ಆಡುತ್ತವೆ. ಏನು ಮಾಡುತ್ತೀರಿ?

ನೀರಿಲ್ಲದ ಹಾಳುಬಾವಿಯಾದರೆ ಮುಚ್ಚಿಬಿಡುತ್ತೀರಿ. ಇದು ಮೊದಲನೆಯ ಮೆಟ್ಟಿಲು, ಅಪಾಯವನ್ನೇ ತೆಗೆಯುವುದು. ನೀರಿಗೆ ಬೇಕೇ ಬೇಕು ಎಂದಾದರೆ ಕಡಿಮೆ ಆಳದ, ಮೆಟ್ಟಿಲಿರುವ ಬಾವಿ ಆದೀತೇ ನೋಡುತ್ತೀರಿ. ಇದು ಎರಡನೆಯದು, ಹೆಚ್ಚಿನ ಅಪಾಯದ ಬದಲು ಕಡಿಮೆ ಅಪಾಯ. ಅದೂ ಆಗದಿದ್ದರೆ ಸುತ್ತ ಎದೆಮಟ್ಟದ ಕಟ್ಟೆ ಕಟ್ಟಿಸುತ್ತೀರಿ. ಇದು ಮೂರನೆಯದು, ಮನುಷ್ಯನಿಗೂ ಅಪಾಯಕ್ಕೂ ನಡುವೆ ತಡೆ. ಆಮೇಲೆ ಮಕ್ಕಳನ್ನು ಕರೆದು, ಆ ಕಡೆ ಹೋಗಬೇಡಿ ಎಂದು ಹೇಳುತ್ತೀರಿ. ಇದು ನಾಲ್ಕನೆಯದು, ನಿಯಮ. ಕೊನೆಗೆ ಏನೂ ಇಲ್ಲದಿದ್ದರೆ ಮಗುವಿನ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಬಿಡುತ್ತೀರಿ. ಇದು ಐದನೆಯದು, ಮೈಮೇಲಿನ ಕವಚ.

ಯಾವ ತಾಯಿ ಬಾವಿ ತೆರೆದಿಟ್ಟು ಸೋರೆಬುರುಡೆ ಕಟ್ಟಿ ಮಲಗುತ್ತಾಳೆ? ಆದರೆ ಸರ್ಕಾರ, ಕಂಪನಿ, ಕೃಷಿ ಇಲಾಖೆ ಎಲ್ಲರೂ ನಮಗೆ ಹೇಳುವುದು ಇದೊಂದನ್ನೇ. ಕೈಗವಸು ಹಾಕ್ಕೊಳ್ಳಿ, ಮಾಸ್ಕ್ ಹಾಕ್ಕೊಳ್ಳಿ, ಬೂಟು ಹಾಕ್ಕೊಳ್ಳಿ. ಅಂದರೆ ಕೊನೆಯ ಮೆಟ್ಟಿಲನ್ನು ಮೊದಲು ಮಾಡಿದ್ದಾರೆ. ಯಾಕೆ ಗೊತ್ತೇ? ಮೊದಲ ಮೂರು ಮೆಟ್ಟಿಲಿಗೆ ಅವರು ದುಡ್ಡು ಬಿಚ್ಚಬೇಕು, ಕೊನೆಯದಕ್ಕೆ ನಾವು. ಅದೂ ಅಲ್ಲದೆ, ಅನಾಹುತವಾದಾಗ ತಪ್ಪು ಯಾರದು ಎಂದರೆ, 'ಕೈಗವಸು ಹಾಕಿರಲಿಲ್ಲ' ಎಂದು ಸತ್ತವನ ಮೇಲೆ ಹಾಕಬಹುದು.

ವಿಷಕ್ಕೆ ಔಷಧಿ ಎಂಬ ಹೆಸರು

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹೀಗೇ ಆಯಿತು. ಹತ್ತಿಗೆ ಕೀಟನಾಶಕ ಹೊಡೆಯುತ್ತಿದ್ದ ರೈತರು ಮತ್ತು ಕೂಲಿಗಳಲ್ಲಿ ನೂರಾರು ಜನ ಆಸ್ಪತ್ರೆ ಸೇರಿದರು, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆ ವರ್ಷ ಹತ್ತಿ ಗಿಡ ಆಳೆತ್ತರ ಬೆಳೆದಿತ್ತು. ಹೊಡೆದ ಮಂಜು ಗಿಡದ ಮೇಲೆ ಬೀಳುವ ಮೊದಲು ಹೊಡೆಯುವವನ ಮುಖಕ್ಕೇ ಬೀಳುತ್ತಿತ್ತು. ಕಾಯಿಕೊರಕಕ್ಕೆ ಬಗ್ಗದ ಹುಳಕ್ಕೆಂದು ಎರಡು ಮೂರು ವಿಷ ಬೆರೆಸಿ ಹೊಡೆದರು. ಬೆರೆಸಿ ಎಂದು ಹೇಳಿದವರು ಯಾರು? ಅಂಗಡಿಯವರು. ಬೇಡ ಎಂದು ಹೇಳಬೇಕಾದವರು ಊರಿಗೇ ಬರಲಿಲ್ಲ. ಕೊನೆಗೆ ಕೇಳಿಬಂದ ಮಾತು, ರೈತರು ರಕ್ಷಣೆಯ ಉಡುಪು ಹಾಕಿರಲಿಲ್ಲ ಎಂದು.

ವಿಷಕ್ಕೆ ಔಷಧಿ ಎಂದು ಹೆಸರಿಟ್ಟುಕೊಂಡ ಜನ ನಾವು. ಅದಕ್ಕೇ ಅದರ ಗುಣವನ್ನು ಸ್ವಲ್ಪ ತಿಳಿದುಕೊಳ್ಳೋಣ. ಮೋನೋಕ್ರೋಟೋಫಾಸ್, ಪ್ರೊಫೆನೊಫಾಸ್ ಮುಂತಾದ ಜಾತಿಯ ವಿಷಗಳು ಹುಳದ ನರವನ್ನು ಕೆಡಿಸಿ ಕೊಲ್ಲುತ್ತವೆ. ಮನುಷ್ಯನ ನರವೂ ಅದೇ ರೀತಿ ಕೆಲಸ ಮಾಡುವುದರಿಂದ ನಮ್ಮನ್ನೂ ಅದೇ ದಾರಿಯಲ್ಲಿ ಹಿಡಿಯುತ್ತವೆ. ಬಾಯಿಂದ ಮಾತ್ರ ಒಳಗೆ ಹೋಗುತ್ತದೆ ಎಂದುಕೊಳ್ಳಬೇಡಿ. ಹೊಡೆಯುವವನಿಗೆ ಹೆಚ್ಚಾಗಿ ಸೇರುವುದು ಚರ್ಮದಿಂದ. ಸೋರುವ ಕ್ಯಾನು, ನೆನೆದ ಅಂಗಿ, ಬೆವರಿದ ಮೈ, ಇವೇ ಅದರ ದಾರಿ. ನೀರು ಬೆರೆಸುವ ಮೊದಲು ಡಬ್ಬಿಯಲ್ಲಿರುವ ಗಟ್ಟಿ ದ್ರವವನ್ನು ಮುಟ್ಟುವ ಗಳಿಗೆ ಎಲ್ಲಕ್ಕಿಂತ ಅಪಾಯದ್ದು. ತಲೆಸುತ್ತು, ವಾಂತಿ, ಬಾಯಲ್ಲಿ ನೀರೂರುವುದು, ಕಣ್ಣು ಮಂಜಾಗುವುದು, ಮಾಂಸ ಅದುರುವುದು ಕಂಡರೆ ಬಿಸಿಲಿಗೆ ಆಯಿತು ಎಂದು ಮರದಡಿ ಮಲಗಿಸಬೇಡಿ. ಬಟ್ಟೆ ಬಿಚ್ಚಿ, ಸೋಪು ಹಚ್ಚಿ ಮೈ ತೊಳೆದು, ಡಬ್ಬಿಯನ್ನೂ ಜೊತೆಗೆ ಹಿಡಿದು ಆಸ್ಪತ್ರೆಗೆ ಓಡಿ. ಇಂಥ ವಿಷಕ್ಕೆ ಅಟ್ರೋಪಿನ್ ಎಂಬ ಇಂಜೆಕ್ಷನ್ ಇದೆ. ಯಾವ ವಿಷ ಎಂದು ಗೊತ್ತಾದರೆ ಡಾಕ್ಟರ ಕೆಲಸ ಸುಲಭ.

ಡಬ್ಬಿಯ ಮೇಲೆ ಓರೆಯಾಗಿ ನಿಂತ ಚೌಕದ ಕೆಳಭಾಗದಲ್ಲಿ ಒಂದು ಬಣ್ಣ ಇರುತ್ತದೆ. ಕೆಂಪು ಎಂದರೆ ಅತಿ ಘೋರ ವಿಷ, ಆಮೇಲೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರು ಅಂದರೆ ನಿರಪಾಯ ಅಂತಲ್ಲ, ಉಳಿದವಕ್ಕಿಂತ ಕಡಿಮೆ ಅಂತ. ಇದನ್ನು ನಮ್ಮ ಮನೆಯ ಹೆಣ್ಣುಮಕ್ಕಳಿಗೂ ಹೇಳಿ. ವಿಷ ಹೊಡೆದ ಹೊಲದಲ್ಲಿ ಮಾರನೇ ದಿನ ಕಳೆ ಕೀಳುವವರು ಅವರು. ಹೊಡೆದು ಬಂದವನ ಅಂಗಿಯನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯುವವರೂ ಅವರೇ.

ಇನ್ನು ಕೈಗವಸಿನ ಮಾತು. ನಮ್ಮ ಬಿಸಿಲಲ್ಲಿ ರಬ್ಬರು ಬೂಟು, ಪ್ಲಾಸ್ಟಿಕ್ ಅಂಗಿ, ಮುಖವಾಡ ಹಾಕಿಕೊಂಡು ಅರ್ಧ ದಿನ ಹೊಡೆದು ತೋರಿಸಲಿ ಸಾಹೇಬರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕೀಟನಾಶಕಗಳಿಗೆ 1985ರಿಂದಲೇ ಒಂದು ನೀತಿಸಂಹಿತೆ ಇಟ್ಟಿದೆ. ತೊಡಲು ಕಷ್ಟವಾದ, ದುಬಾರಿಯಾದ ಅಥವಾ ಸುಲಭಕ್ಕೆ ಸಿಗದ ಉಡುಪು ಬೇಕಾಗುವ ವಿಷಗಳನ್ನು, ಅದರಲ್ಲೂ ಬಿಸಿ ಹವೆಯ ದೇಶಗಳ ಸಣ್ಣ ರೈತರ ಮಟ್ಟಿಗೆ, ಬಳಸದಿರುವುದೇ ಸರಿ ಎನ್ನುವುದು ಅದರ ಸಾರ. ಅಂದರೆ, ಕೈಗವಸು ಹಾಕದ ರೈತನನ್ನು ಬೈಯುವ ಮೊದಲು ಕೈಗವಸಿಲ್ಲದೆ ಮುಟ್ಟಲಾಗದ ವಿಷವನ್ನು ಅಂಗಡಿಯಿಂದ ತೆಗೆಯಿರಿ.

ತೆಗೆದರೆ ಬೆಳೆ ನಿಂತುಹೋಗುತ್ತದೆ ಎಂದು ಹೆದರಿಸುವವರಿದ್ದಾರೆ. ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ನಮ್ಮ ದಕ್ಷಿಣ ಕನ್ನಡದ ಗೇರು ತೋಟಗಳಿಗೂ ಸುರಿದರು. ಅದರ ನೋವು ಉಂಡ ಮನೆಗಳು ಇಂದಿಗೂ ಅಲ್ಲಿವೆ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಲ್ಲಿಸಿತು. ಗೇರು ಬಿಡುವುದು ನಿಂತಿತೇ? ಪಕ್ಕದ ಶ್ರೀಲಂಕಾ 1995ರಿಂದ ಒಂದೊಂದೇ ಘೋರ ವಿಷವನ್ನು ನಿಷೇಧಿಸುತ್ತ ಬಂತು. ಹತ್ತು ವರ್ಷದಲ್ಲಿ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕೆ ಇಳಿಯಿತು. ಭತ್ತದ ಇಳುವರಿ ಕುಸಿಯಲಿಲ್ಲ. ನಮ್ಮಲ್ಲಿ 2018ರಲ್ಲಿ 18 ಕೀಟನಾಶಕಗಳ ನಿಷೇಧದ ಆದೇಶವಾಯಿತು. 2020ರಲ್ಲಿ ಇನ್ನೂ 27ನ್ನು ನಿಷೇಧಿಸುವ ಕರಡು ಹೊರಟಿತು, 2023ರಲ್ಲಿ ಕೊನೆಗೆ ನಿಷೇಧವಾದದ್ದು ಅದರಲ್ಲಿ ಮೂರು. ಉಳಿದ ಇಪ್ಪತ್ತನಾಲ್ಕರ ಪರವಾಗಿ ಯಾರು ವಕಾಲತ್ತು ಮಾಡಿದರೋ, ನಮ್ಮ ಪರವಾಗಿ ಮಾತ್ರ ಯಾರೂ ಮಾಡಿರಲಿಕ್ಕಿಲ್ಲ.

ಯಂತ್ರ ಮತ್ತು ಕರೆಂಟು

ಟ್ರ್ಯಾಕ್ಟರಿನ ಹಿಂದೆ ತಿರುಗುವ ಪಿ.ಟಿ.ಓ. ಶಾಫ್ಟು ನಿಮಿಷಕ್ಕೆ 540 ಸುತ್ತು ಸುತ್ತುತ್ತದೆ. ಸೆಕೆಂಡಿಗೆ ಒಂಬತ್ತು. ಟವೆಲ್ಲಿನ ತುದಿಯೋ ಸೀರೆಯ ಸೆರಗೋ ಸಿಕ್ಕಿತು ಎನ್ನುವುದು ಮನಸ್ಸಿಗೆ ಹೊಳೆಯುವಷ್ಟರಲ್ಲಿ ನಾಲ್ಕೈದು ಸುತ್ತು ಆಗಿರುತ್ತದೆ. ಇಲ್ಲಿ 'ಹುಷಾರಾಗಿರಿ' ಎಂಬ ಮಾತಿಗೆ ಅರ್ಥವಿಲ್ಲ. ಎಷ್ಟೇ ಹುಷಾರಿದ್ದವನೂ ಸೆಕೆಂಡಿಗೆ ಒಂಬತ್ತು ಸಲ ಹುಷಾರಾಗಿರಲಾರ. ಅದರ ಮೇಲೆ ಕವರು ಇರಬೇಕು, ಅಷ್ಟೇ. ಗ್ರೀಸು ಹಾಕಲು ಅಡ್ಡಿ ಎಂದು ಕವರು ಬಿಚ್ಚಿ ಎಸೆದಿದ್ದರೆ ಈ ವಾರವೇ ಹಾಕಿಸಿ.

ಒಕ್ಕಣೆ ಮಿಷನ್ನಿಗೂ ಇದೇ ಮಾತು. ಪಂಜಾಬು, ಹರಿಯಾಣಗಳಲ್ಲಿ ಮಿಷನ್ನಿಗೆ ಕೈ ಕಳೆದುಕೊಂಡವರ ಸಂಖ್ಯೆ ಬೆಳೆದ ಮೇಲೆ 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣಕ್ಕೆಂದೇ ಕಾಯಿದೆ ಮಾಡಿತು. ತೆನೆ ತಳ್ಳುವ ಬಾಯಿ ಎಷ್ಟು ಉದ್ದವಿರಬೇಕು, ಎಷ್ಟು ಭಾಗ ಮುಚ್ಚಿರಬೇಕು ಎಂಬುದಕ್ಕೆ ಐ.ಎಸ್.ಐ. ಅಳತೆಯಿದೆ. ತಳ್ಳುವ ತಗಡು ನಮ್ಮ ತೋಳಿಗಿಂತ ಉದ್ದವಿದ್ದು, ಒಳಗಿನ ಅರ್ಧ ಮುಚ್ಚಿದ್ದರೆ, ನಿದ್ದೆಗಣ್ಣಲ್ಲಿ ತಳ್ಳಿದರೂ ಕೈ ಡ್ರಮ್ಮಿಗೆ ಮುಟ್ಟುವುದಿಲ್ಲ. ಇಷ್ಟೇ ಉಪಾಯ. ಬರೇ ಒಂದು ಮೊಳ ತಗಡು. ಬಾಡಿಗೆ ಮಿಷನ್ನು ಕಣಕ್ಕೆ ಬಂದಾಗ ಮೊದಲು ಬಾಡಿಗೆ ಕೇಳಬೇಡಿ, ಬಾಯಿ ಅಳೆಯಿರಿ. ಗಿಡ್ಡವಾಗಿದ್ದರೆ ವಾಪಸ್ ಕಳಿಸಿ.

ಮಲೆನಾಡು, ಕರಾವಳಿಯ ಅಡಿಕೆ ಬಂಧುಗಳು ಒಂದು ಒಳ್ಳೆಯ ದಾರಿ ತೋರಿಸಿದ್ದಾರೆ. ಮಳೆಗಾಲದಲ್ಲಿ ಜಾರುವ ಮರ ಹತ್ತಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಪ್ರಾಣ ಒತ್ತೆಯಿಟ್ಟ ಕೆಲಸ. ಈಗ ಕಾರ್ಬನ್ ಫೈಬರಿನ ಉದ್ದ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಹೊಡೆಯಬಹುದು, ಗೊನೆ ಇಳಿಸಬಹುದು. ಮರ ಹತ್ತುವವನಿಗೆ ಹಗ್ಗ ಕಟ್ಟುವ ಬದಲು ಹತ್ತುವುದನ್ನೇ ತಪ್ಪಿಸಿದರು. ಬಾವಿ ಮುಚ್ಚುವುದು ಎಂದರೆ ಇದೇ. ಆದರೆ ಅದರ ಬೆಲೆ ಸಣ್ಣ ತೋಟದವನಿಗೆ ಒಬ್ಬನಿಗೇ ಎಟುಕದು. ನಾಲ್ಕು ಮನೆ ಸೇರಿ ಕೊಳ್ಳಬೇಕು, ಸೊಸೈಟಿ ಸಾಲ ಕೊಡಬೇಕು.

ಇನ್ನು ಕರೆಂಟು. ಪಂಪ್‌ಸೆಟ್ಟಿಗೆ ಹಗಲು ಇಷ್ಟು ಗಂಟೆ, ರಾತ್ರಿ ಇಷ್ಟು ಗಂಟೆ ಎಂದು ಪಾಳಿ ಹಾಕುತ್ತಾರೆ. ರಾತ್ರಿ ಪಾಳಿ ಬಂದವನು ಬ್ಯಾಟರಿ ಹಿಡಿದು ಹೊರಡಬೇಕು. ಒದ್ದೆ ನೆಲ, ಅರ್ತಿಂಗ್ ಇಲ್ಲದ ಸ್ಟಾರ್ಟರ್ ಪೆಟ್ಟಿಗೆ, ಜೋತುಬಿದ್ದ ತಂತಿ, ಬದುವಿನಲ್ಲಿ ಕೊಳಕುಮಂಡಲ. ಹಾಸನ, ಕೊಡಗು, ಚಾಮರಾಜನಗರದ ಕಡೆ ಆನೆ ಬೇರೆ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿದು ಸತ್ತರೆಂದು ವೈದ್ಯ ಸಂಶೋಧಕರು ಅಂದಾಜು ಮಾಡಿದ್ದಾರೆ. ಹೆಚ್ಚಿನವರು ಹಳ್ಳಿಯವರು. ನಮ್ಮ ರಾಜ್ಯ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಒಳ್ಳೆಯದು. ಎಣಿಸಿದ ಮೇಲೆ ತಡೆಯುವುದೂ ಬೇಕಲ್ಲ? ಬೂಟು ಹಾಕಿಕೊಳ್ಳಿ ಎನ್ನುವ ಸರ್ಕಾರಕ್ಕೆ ನಾವು ಹೇಳಬೇಕಾದ್ದು, ಹಗಲು ಕರೆಂಟು ಕೊಡಿ ಎಂದು. ಹಾವಿಗೆ ರಾತ್ರಿ ಪಾಳಿ ಹಾಕಿದವರು ಯಾರೂ ಇಲ್ಲ, ನಮಗೆ ಹಾಕಿದವರಿಗೆ ಕಚೇರಿ ಇದೆ, ವಿಳಾಸ ಇದೆ.

ಗಾಯ ಹೇಗೆ ಸಾಲವಾಗುತ್ತದೆ

ಒಂದು ಲೆಕ್ಕ ಹಾಕೋಣ. ಎರಡೆಕರೆಯಲ್ಲಿ ಒಬ್ಬ 40 ಕ್ವಿಂಟಲ್ ಮೆಕ್ಕೆಜೋಳ ಬೆಳೆದ ಎಂದುಕೊಳ್ಳಿ. 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 2400 ರೂಪಾಯಿ. ಆ ಬೆಲೆ ಪೂರ್ತಿ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ಅವನ ಕೈ ಮಿಷನ್ನಿಗೆ ಸಿಕ್ಕಿ ಆಸ್ಪತ್ರೆಗೆ 80 ಸಾವಿರ ಆದರೆ, 33 ಕ್ವಿಂಟಲಿಗೂ ಹೆಚ್ಚು ಮೆಕ್ಕೆಜೋಳ ಅಲ್ಲಿಗೇ ಹೋಯಿತು. ಉಳಿದ ಆರೇಳು ಕ್ವಿಂಟಲಲ್ಲಿ ಬೀಜ, ಗೊಬ್ಬರ, ಕೂಲಿ, ಮನೆ ಎಲ್ಲ ತೂಗಬೇಕು. ಆಗುತ್ತದೆಯೇ? ಕೈಸಾಲ, ಬಡ್ಡಿ, ಆಮೇಲೆ ಎತ್ತು, ಆಮೇಲೆ ಹೊಲ ಭೋಗ್ಯಕ್ಕೆ. ಸೊಸೈಟಿಯಲ್ಲಿ ಎತ್ತಿದ ಬೆಳೆಸಾಲವೂ ಆಸ್ಪತ್ರೆಗೆ ಹೋಗುತ್ತದೆ. ಪುಸ್ತಕದಲ್ಲಿ ಮಾತ್ರ ಅದು ಬೆಳೆಸಾಲವಾಗಿಯೇ ಉಳಿಯುತ್ತದೆ. ಕಟ್ಟಲಾಗದಿದ್ದಾಗ 'ರೈತ ಸಾಲವನ್ನು ಬೇರೆಯದಕ್ಕೆ ಬಳಸಿದ' ಎನ್ನುತ್ತಾರೆ. ಹೌದು ಸ್ವಾಮಿ, ಬಳಸಿದ, ಬದುಕಿ ಉಳಿಯುವುದಕ್ಕೆ ಬಳಸಿದ.

ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗದ ಲೆಕ್ಕದಲ್ಲಿ ಯಂತ್ರದ ಸವಕಳಿ ಇದೆ. ಟ್ರ್ಯಾಕ್ಟರು ಸವೆದರೆ ಬರೆದುಕೊಳ್ಳುತ್ತಾರೆ, ರೈತ ಸವೆದರೆ ಬರೆದುಕೊಳ್ಳುವುದಿಲ್ಲ. ಮನೆಯವರ ದುಡಿಮೆಗೆ ಕೂಲಿ ಕಟ್ಟುತ್ತಾರೆ, ಆ ದುಡಿಮೆಯಲ್ಲಿ ಹೋದ ಬೆರಳಿಗೆ, ಕಣ್ಣಿಗೆ, ಕಳೆದ ದಿನಗಳಿಗೆ ಕಟ್ಟುವುದಿಲ್ಲ. ಖರ್ಚಿನ ಮೇಲೆ ಅರ್ಧ ಸೇರಿಸಿ ಕೊಡುತ್ತೇವೆ ಎನ್ನುವವರು ಖರ್ಚನ್ನೇ ಪೂರ್ತಿ ಬರೆಯದಿದ್ದರೆ ಅರ್ಧ ಯಾವುದರ ಮೇಲೆ?

ನಾವೂ ಯಜಮಾನರೇ

ಒಂದು ಕಹಿ ಮಾತನ್ನೂ ಹೇಳಬೇಕು. ನಮ್ಮ ಹೊಲದಲ್ಲಿ ವಿಷ ಹೊಡೆಯುವವನು ಎಷ್ಟೋ ಸಲ ದಿನಗೂಲಿಯವನು. ಸರ್ಕಾರದ ಎದುರು ನಾವು ಬಡವರು, ಅವನ ಎದುರು ನಾವು ಯಜಮಾನರು. ಕಾರ್ಖಾನೆ ಮಾಲೀಕನಿಗೆ ಕೇಳುವ ಪ್ರಶ್ನೆಯನ್ನು ಅವನು ನಮಗೆ ಕೇಳಿದರೆ ಉತ್ತರವಿರಬೇಕು. ಸೋರುವ ಕ್ಯಾನನ್ನು ಅವನ ಬೆನ್ನಿಗೆ ಹೊರಿಸಬಾರದು. ಗಾಳಿಗೆ ಎದುರಾಗಿ, ನಡುಮಧ್ಯಾಹ್ನ ಹೊಡೆಸಬಾರದು. ಕೆಲಸ ಮುಗಿದ ಮೇಲೆ ಸೋಪು, ನೀರು ಕೊಟ್ಟು ಕಳಿಸಬೇಕು. ಅವನ ಮನೆಗೆ ನೋವು ಬಂದರೆ ಅದು ನಮ್ಮ ಹೊಲದ ಖರ್ಚು ಎಂದು ಒಪ್ಪಬೇಕು. ಆಗ ಆ ಖರ್ಚನ್ನು ಬೆಲೆಯಲ್ಲಿ ಕೇಳಲು ನಮಗೆ ಬಾಯಿ ಇರುತ್ತದೆ.

ಓದಿ ಪತ್ರಿಕೆ ಮಡಚಿಡುವ ಮೊದಲು ನಿಮ್ಮ ಊರಿನಲ್ಲಿ ಇಷ್ಟು ಮಾಡಿ. ಹತ್ತು ಜನ ಕೂತು ಒಂದು ನೋಟ್‌ಬುಕ್ ತೆರೆಯಿರಿ. ಕಳೆದ ಐದು ವರ್ಷದಲ್ಲಿ ಹೊಲದ ಕೆಲಸದಲ್ಲಿ ಯಾರಿಗೆ ಏನಾಯಿತು, ಯಾವ ಯಂತ್ರ, ಯಾವ ವಿಷ, ಹಗಲೋ ರಾತ್ರಿಯೋ, ಆಸ್ಪತ್ರೆಗೆ ಎಷ್ಟಾಯಿತು, ಸಾಲ ಎಷ್ಟಾಯಿತು ಎಂದು ಬರೆಯಿರಿ. ಕೂಲಿಯವರ ಹೆಸರನ್ನೂ, ಹೆಣ್ಣುಮಕ್ಕಳ ಹೆಸರನ್ನೂ ಬಿಡದೆ ಬರೆಯಿರಿ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾವಿನ ವಿಷದ ಮದ್ದು, ಅಟ್ರೋಪಿನ್ ಇದೆಯೇ ಎಂದು ಹೋಗಿ ಕೇಳಿ, ಇಲ್ಲದಿದ್ದರೆ ಬರವಣಿಗೆಯಲ್ಲಿ ಕೇಳಿ. ಊರಿನ ಪ್ರತಿ ಮಿಷನ್ನಿನ ಬಾಯಿ, ಪ್ರತಿ ಶಾಫ್ಟಿನ ಕವರು, ಪ್ರತಿ ಸ್ಟಾರ್ಟರಿನ ಅರ್ತಿಂಗ್ ನೋಡಿ. ಕೆಂಪು ಗುರುತಿನ ವಿಷವನ್ನು ಕೊಳ್ಳುವುದಿಲ್ಲ ಎಂದು ಸಭೆಯಲ್ಲಿ ತೀರ್ಮಾನ ಮಾಡಿ, ಅಂಗಡಿಯವರಿಗೆ ತಿಳಿಸಿ.

ಆಮೇಲೆ ಆ ನೋಟ್‌ಬುಕ್ ಹಿಡಿದು ತಾಲ್ಲೂಕು ಕಚೇರಿಗೆ, ವಿದ್ಯುತ್ ಕಚೇರಿಗೆ, ಬೆಲೆ ಆಯೋಗಕ್ಕೆ ಹೋಗೋಣ. ಘೋರ ವಿಷಗಳನ್ನು ತೆಗೆಯಿರಿ, ರಕ್ಷಣೆಯಿಲ್ಲದ ಯಂತ್ರ ಮಾರುವುದನ್ನು ನಿಲ್ಲಿಸಿ, ಪಂಪ್‌ಸೆಟ್ಟಿಗೆ ಹಗಲು ಕರೆಂಟು ಕೊಡಿ, ರೈತನಿಗೂ ಕೂಲಿಗೂ ಇ.ಎಸ್.ಐ. ಮಾದರಿಯ ಚಿಕಿತ್ಸೆ ಕೊಡಿ, ಅದರ ಖರ್ಚನ್ನು ಬೆಲೆಯ ಲೆಕ್ಕದಲ್ಲಿ ಒಂದು ಬಾಬತ್ತಾಗಿ ಬರೆಯಿರಿ ಎಂದು ಕೇಳೋಣ. ಬರಿ ಬಾಯಲ್ಲಿ ಹೇಳಿದರೆ ಅರ್ಜಿ ಕೊಡಿ ಎನ್ನುತ್ತಾರೆ. ಊರೂರಿನ ನೋಟ್‌ಬುಕ್ ಮೇಜಿನ ಮೇಲೆ ಬಿದ್ದರೆ ಓದಲೇಬೇಕಾಗುತ್ತದೆ. ಬರೆಯಲು ಇವತ್ತೇ ಶುರು ಮಾಡಿ.